ಖಾಲಿ ಪ್ಲಾಸ್ಮಿಡ್‌ನ ತಟ್ಟೆ

೧. ಎಲ್ಲಿಂದ ಶುರು ಮಾಡಲಿ? ಬ್ಯಾಕ್ಟೀರಿಯಾದಿಂದ ಅಂದರೆ ನೀವು ಪುಟ ಮಗುಚುತ್ತೀರಿ. ಹುಡುಗಿಯಿಂದ ಅಂದರೆ ಪ್ರೇಮಕಥೆ ಅಂದುಕೊಳ್ಳುತ್ತೀರಿ. ಒಂದು ಜೀನ್‌ನಿಂದ ಶುರು ಮಾಡುತ್ತೇನೆ. (ಅದು ಈಗ ಇಲ್ಲ. ಕಿತ್ತು ಹಾಕಿಯಾಗಿದೆ.)

೨. ಕಿತ್ತವಳು ನನ್ನ ನಾಯಕಿ, ಸಂಶೋಧಕಿ. ಜೀನ್ ಇದ್ದಾಗ ಬ್ಯಾಕ್ಟೀರಿಯಾ ವಿಷ ಕಾರುತ್ತಿತ್ತು. ಅದನ್ನು ಬೆಳೆಸುವ, ರಕ್ತ ಬೆರೆಸಿದ ಪಾಕದ ಕೆಂಪು ತಟ್ಟೆಯಲ್ಲಿ ತನ್ನ ಸುತ್ತ ತಿಳಿಯಾದ ಬಳೆ ಮೂಡಿಸುತ್ತಿತ್ತು. ಕಿತ್ತ ಮೇಲೆ ಶುದ್ಧ ಸಾಧು. ಅಲ್ಲಿಗೆ ಆ ಜೀನೇ ವಿಷದ ಸ್ವಿಚ್ಚು ಅಂತಾಯಿತಲ್ಲ? ಇಲ್ಲವಂತೆ. ಅದನ್ನೇ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ವಾಪಸ್ ಕೊಟ್ಟಾಗ ವಿಷವೂ ವಾಪಸ್ ಬರಬೇಕಂತೆ. ಎರಡು ಸಲ ಬಂದಿಲ್ಲ. "ಈ ಸಲವೂ ಬರದಿದ್ರೆ ಈ ಜೀನ್ ಕೈಬಿಡಮ್ಮ," ಎಂದಿದ್ದಾರೆ ಗೈಡ್ ಮೇಡಂ. ಆಗ ಅವಳ ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

೩. (ಮೊದಲ ಕರಡು.) ಬೆಳಿಗ್ಗೆ ಹನ್ನೊಂದು. ಇನ್‌ಕ್ಯುಬೇಟರ್‌ನಿಂದ ತಟ್ಟೆ ತೆಗೆದಳು. ಬಳೆ ಇಲ್ಲ. ಕಣ್ಣು ತುಂಬಿತು. ಕಿಟಕಿಯಾಚೆ ಒಂಟಿ ಕಾಗೆ... (ಸಾಹಿತ್ಯಕ್ಕೆ ಸೋಲೇ ಶೋಭೆ, ನೋಡಿ.)

"ರೀ ಸ್ವಾಮಿ, ನಿಲ್ಸಿ!" ಎಂದು ನಾಯಕಿಯೇ ನನ್ನ ಮೇಲೆ ಹರಿಹಾಯ್ದಳು. "ತಟ್ಟೆ ತಳದಲ್ಲಿ ಏನು ಬರೆದಿದೆ, ಓದಿದ್ರಾ?"

"ಇಲ್ಲಮ್ಮ."

"ಅದು ಖಾಲಿ ಪ್ಲಾಸ್ಮಿಡ್‌ದು. ಜೀನ್ ಇಲ್ಲದ್ದು, ಹೋಲಿಸಿ ನೋಡೋಕೆ ಇಟ್ಟಿದ್ದು. ಅದ್ರಲ್ಲಿ ಬಳೆ ಬರಲೇಬಾರದು ಕಣ್ರೀ! ಬಂದಿದ್ರೆ ವಿಷ ಜೀನ್‌ದಲ್ಲ ಅಂತಾಗಿ ಅಳ್ತಿದ್ದೆ."

ನಾನು ಕಷ್ಟಪಟ್ಟು ಕಟ್ಟಿದ ದುರಂತ ಅವಳ ಅರ್ಧ ಗೆಲುವಾಗಿತ್ತು! ಮಾನ ಹೋಯಿತು. ಆದರೂ ಖುಷಿಯಾಯಿತು. ಕಾಗೆಯನ್ನು ಓಡಿಸಿದೆ.

೪. ಎರಡನೇ ತಟ್ಟೆ, ಜೀನ್ ಇರುವುದು. ಬೆಳಕಿಗೆ ಹಿಡಿದಳು. ಬಳೆ! ಬ್ಯಾಕ್ಟೀರಿಯಾದ ಒಂದೊಂದು ಚುಕ್ಕೆಯ ಸುತ್ತಲೂ ಬಳೆ!

ಅಲ್ಲಿಂದಲೇ ಫೋನು. "ಅಮ್ಮಾ, ವಿಷ ವಾಪಸ್ ಬಂತು!"

"ಅಯ್ಯೋ, ಡಾಕ್ಟರ ಹತ್ರ ಹೋದ್ಯೇನೇ?"

"ನನಗಲ್ಲಮ್ಮ, ಬ್ಯಾಕ್ಟೀರಿಯಾಗೆ! ಸಾಧು ಆಗಿತ್ತಲ್ಲ, ಮತ್ತೆ ಕೆಟ್ಟುಹೋಯ್ತು!"

"ಕೆಟ್ಟುಹೋದ್ರೆ ಯಾರಾದ್ರೂ ಹೀಗೆ ಕುಣೀತಾರೇನೇ?" ತಾಯಿ ಸ್ವಲ್ಪ ಯೋಚಿಸಿದರು. "ಕೆಡಿಸಿದ್ದು ನೀನೇ ತಾನೆ?"

"ನಾನೇ!"

"ಹಾಗಾದ್ರೆ ಕುಣಿ."

೫. ಅಂತ್ಯ (ಅ): ಮೇಡಂ ಅವಳನ್ನು ತಬ್ಬಿಕೊಂಡು ಅತ್ತರು. ಅಂತ್ಯ (ಆ): ಲೋಕವೇ ಚಪ್ಪಾಳೆ ತಟ್ಟಿತು. ಎರಡನ್ನೂ ಅವಳು ಹೊಡೆದುಹಾಕಿದಳು. ನಡೆದದ್ದು ಇಷ್ಟೇ: ಮೇಡಂ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಲ್ಯಾಬಿನ ಬ್ಯಾಕ್ಟೀರಿಯಾ ತಳಿಗಳ ಪಟ್ಟಿ ತೆಗೆದು ಇದಕ್ಕೂ ಹೊಸ ಸಾಲೊಂದನ್ನು ಸೇರಿಸಿ, 'ಎಲ್ಲಿಯದು' ಎಂಬಲ್ಲಿ 'ನಮ್ಮದೇ' ಎಂದು ತಾವೇ ಬರೆದರು. "ಇನ್ನೆರಡು ಸಲ ತೋರ್ಸು," ಎಂದರು.

ನಾನು 'ಮುಗಿಯಿತು' ಎಂದು ಬರೆದೆ.

"ಅಳ್ಸಿ ಅದನ್ನ," ಎಂದಳು, ಮುಖದ ತುಂಬ ನಗು. "ಒಂದೇ ಸಲಕ್ಕೆ ನಂಬೋರು ನೀವು ಕಥೆಗಾರರು. ಸ್ವಲ್ಪ ಸರೀರಿ, ಹೊಸ ತಟ್ಟೆಗಳಿಗೆ ರಕ್ತದ ಪಾಕ ಹುಯ್ಯಬೇಕು."

ಸರಿದೆ.