ಯಂತ್ರ ಚೊಲೋ ಏಳುವ ತನಕ

ಬಸಪ್ಪನವರ ಶಿರಸಿಯ ಶೆಡ್ಡಿನಲ್ಲಿ ಅಡಿಕೆ ವಿಂಗಡಿಸುವ ಯಂತ್ರವಿದೆ. ಕ್ಯಾಮೆರಾ ಒಂದೊಂದೇ ಅಡಿಕೆಯನ್ನು ನೋಡುತ್ತದೆ. ಕೆಟ್ಟದ್ದಾದರೆ ಗಾಳಿ ಊದಿ ಬದಿಗೆ ತಳ್ಳುತ್ತದೆ. ಬೆಳಗಿನ ಪಾಳಿ ಹುಸ್ನಾಳದು, ಮಧ್ಯಾಹ್ನದ್ದು ಸುಭಾಷನದು. ಹುಸ್ನಾಳ ಪಾಳಿಯಲ್ಲಿ ಆಗಾಗ ಗಾಳಿ ತಡವಾಗಿ ಊದಿ, ಕೆಟ್ಟದ್ದು ಒಳ್ಳೆಯದರೊಳಗೆ ಬೀಳುತ್ತಿತ್ತು. ಸುಭಾಷನ ಪಾಳಿಯಲ್ಲಿ ಹಾಗಾಗದು.

"ಯಂತ್ರ ಒಂದ, ಮಾಲ್ ಒಂದ. ಕೆಡಸೂದು ನಿನ್ನ ಕೈನ. ಈ ವಾರ ನೋಡ್ತೀನಿ, ಆಮ್ಯಾಲ ಬ್ಯಾರೆಯವ್ರನ್ನ ಹಚ್ತೀನಿ," ಎಂದು ಬಸಪ್ಪ ಎಲ್ಲರೆದುರೇ ಬೈದರು. ಹುಸ್ನಾಳ ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ.

ಯಂತ್ರ ಮಾಡಿಕೊಟ್ಟ ಕಂಪನಿಯಿಂದ ಪ್ರತಿಭಾ ಬಂದಳು. ಅದರೊಳಗಿನ ಕಂಪ್ಯೂಟರಿನ ಕರ್ನಲ್, ಅಂದರೆ ಮೆಮೊರಿ ಹಂಚಿಕೊಡುವ ಮೂಲ ತಂತ್ರಾಂಶವನ್ನು ನೋಡಿಕೊಳ್ಳುವವಳು ಅವಳೇ. ಬೆಳಗಿನ ಪಾಳಿಯಿಡೀ ಹುಸ್ನಾಳ ಪಕ್ಕ ನಿಂತಳು. ಅವಳ ಕೆಲಸದಲ್ಲಿ ತಪ್ಪೇನೂ ಕಾಣಲಿಲ್ಲ. ಆಮೇಲೆ ಸುಭಾಷ ಬಂದು ಯಂತ್ರ ಬಂದ್ ಮಾಡಿದ, ಚಾಲೂ ಮಾಡಿದ, ಒಂದು ಹಿಡಿ ಅಡಿಕೆ ಬಿಟ್ಟು ನೋಡಿ ಮತ್ತೆ ಬಂದ್ ಮಾಡಿದ.

"ಇದೆಂತ ಪೂಜೆ ಮಾರಾಯ್ರೆ?" ಎಂದಳು ಪ್ರತಿಭಾ.

"ಒಂದೊಂದ್ಸಲ ಇದು ಮೈ ಸರಿಯಿಲ್ದೇ ಏಳ್ತದೆ ಮೇಡಂ. ಚೊಲೋ ಏಳೋ ತನಕ ಎಬ್ಬಿಸ್ತಾ ಇರ್ತೇನೆ."

"ಹುಸ್ನಕ್ಕಂಗೆ ಹೇಳ್ಲಿಲ್ವಾ?"

"ಅವ್ರು ಕೇಳ್ಲಿಲ್ಲ."

"ಸ್ವಿಚ್ಚು ಒಂದೇ ಸಲ ಒತ್ತು ಅಂತ ಕಲ್ಸಿದ್ರು, ಒತ್ತಿದೆ," ಎಂದಳು ಹುಸ್ನಾ. "ನಿನ್ನ ಹಾಗೆ ಎಬ್ಬಿಸ್ತಾ ಕೂತಿದ್ರೆ ಅದಕ್ಕೂ ಬೈತಿದ್ರು."

ಪ್ರತಿಭಾಗೆ ದಾರಿ ಸಿಕ್ಕಿತು. ಪದೇ ಪದೇ ಬೇಕಾದದ್ದನ್ನು ಕಂಪ್ಯೂಟರು ಕ್ಯಾಶ್ ಎಂಬ ಪುಟ್ಟ ಜಾಗದಲ್ಲಿ ಕೈಗೆಟುಕುವಂತೆ ಇಟ್ಟುಕೊಳ್ಳುತ್ತದೆ. ಮೆಮೊರಿಯ ಯಾವ ವಿಳಾಸದಲ್ಲಿರುವ ಮಾಹಿತಿ ಅಲ್ಲಿ ಎಲ್ಲಿ ಕೂರಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಚಾಲೂ ಮಾಡಿದಾಗಲೆಲ್ಲ ಕರ್ನಲ್ ಸಿಕ್ಕಿದ ಖಾಲಿ ವಿಳಾಸ ಹಂಚುತ್ತಿತ್ತು. ಕೆಲವು ಸಲ ಅಡಿಕೆಯ ಚಿತ್ರಕ್ಕೂ ಅದನ್ನು ಅಳೆಯುವ ಲೆಕ್ಕಕ್ಕೂ ಕ್ಯಾಶಿನಲ್ಲಿ ಒಂದೇ ಕಡೆ ಜಾಗ ಬಂದು, ಒಂದನ್ನೊಂದು ದಬ್ಬುತ್ತಿದ್ದವು. ದಬ್ಬಿಸಿಕೊಂಡದ್ದನ್ನು ಮತ್ತೆ ತರುವಷ್ಟರಲ್ಲಿ ಅಡಿಕೆ ಮುಂದೆ ಹೋಗಿರುತ್ತಿತ್ತು.

ಅವಳು ಹಂಚುವ ರೀತಿಯನ್ನೇ ಬದಲಿಸಿದಳು. ವಿಳಾಸ ಕೊಡುವ ಮುಂಚೆ ಅದು ಕ್ಯಾಶಿನಲ್ಲಿ ಎಲ್ಲಿ ಬೀಳುತ್ತದೆಂದು ನೋಡಿ, ಚಿತ್ರಕ್ಕೊಂದು ಪಾಲು, ಲೆಕ್ಕಕ್ಕೊಂದು ಪಾಲು ಮಾಡಿದಳು. ಮರುದಿನ ಬಸಪ್ಪನವರ ಕೈಯಿಂದಲೇ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿಸಿದಳು. ಗಾಳಿ ಒಮ್ಮೆಯೂ ತಡವಾಗಲಿಲ್ಲ.

"ಹಂಗಾರ ಈಕಿ ತಪ್ಪಲ್ಲೇನ್ರಿ?"

"ಅಲ್ಲ. ನಮ್ಮದು."

ಬಸಪ್ಪ ಹುಸ್ನಾಳತ್ತ ತಿರುಗಿ ದನಿ ತಗ್ಗಿಸಿದರು. "ಆತು ಬಿಡವಾ. ನೀನ ಇರು."

"ಇರ್ತೇನೆ ಸಾವ್ಕಾರ್ರೇ. ಬೈಯುವಾಗ ಇಷ್ಟು ಮೆತ್ತಗೆ ಬೈದಿರ್ಲಿಲ್ಲ."

ಚೀಲ ಹೊಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಬಸಪ್ಪ ಗಂಟಲು ಸರಿಮಾಡಿಕೊಂಡು, ಶೆಡ್ಡಿನ ಆ ತುದಿಗೂ ಕೇಳುವಂತೆ ಹೇಳಿದರು: "ಹುಸ್ನಾಂದು ತಪ್ಪಿಲ್ರೀ. ನಾನ ಸುಮ್ಮನ ಬೈದೆ."