ದಿಲ್ಲಿ ಚಳಿಯ ಮಾತು

ಆವತ್ತು ಕನ್ನೊಳ್ಳಿಯ ಮಾಳಿಂಗಪ್ಪನ ಮನಿಗೆ ಅವನ ಮಗಳು ಚಂದವ್ವನ್ನ ನೋಡಾಕ ವರನ ಕಡೆಯವರು ಬಂದಿದ್ರು. ವರ ಸೋಮನಿಂಗ ದಿಲ್ಲಿಯೊಳಗ ಟಪಾಲ ಖಾತೆ ನೌಕರ. ಎಪ್ಪತ್ನಾಲ್ಕನೇ ಇಸವಿ, ಸರಕಾರಿ ನೌಕರಿ ವರ ಏನು ಹಾದ್ಯಾಗ ಬಿದ್ದಿರತಾವೇನು? ಅಪ್ಪನ ಕಾಲು ನೆಲದ ಮ್ಯಾಲಿರಲಿಲ್ಲ. ಚಂದವ್ವನ ಕಣ್ಣು ಮಾತ್ರ ಅಕ್ಕನ ಕಡೆಗಿತ್ತು.

ಅಕ್ಕ ಸಾತವ್ವ ಅಡಗಿಮನಿ ಬಾಗಲ ಮರಿಗೆ ನಿಂತಿದ್ದಳು. ಅಕ್ಕನ ಗಂಡ ಬೈದವನಲ್ಲ, ಹೊಡದವನಲ್ಲ. ಆದ್ರ ಅತ್ತಿ ಅಕ್ಕನ್ನ ಕಳ್ಳಿ ಅಂದಾಗ, ಖರೇ ಗೊತ್ತಿದ್ದೂ ನೆಲಾ ನೋಡಿದ, ಪುಣ್ಯಾತ್ಮ. ಅಕ್ಕ ತವರಿಗೆ ಬಂದು ವರ್ಷಾತು. ಈ ಸೋಮನಿಂಗಗ ಬಾಯಿ ಐತೋ ಇಲ್ಲೋ, ಚಂದವ್ವಗ ತಿಳೀಬೇಕಾದದ್ದು ಅದೊಂದೇ.

ವರನ ಸೋದರಮಾವ ಶ್ರೀಶೈಲಪ್ಪ ಮಾಸ್ತರ ಸಿಂದಗಿಯವರು. ಹುಡುಗಿ ಮೆಟ್ರಿಕ್ ಅಂತ ಕೇಳಿದ್ದೇ ತಡ, ಮೀಸಿ ಸವರಿದರು. ಉಷ್ಣವಲಯದ ಮಗ್ಗಲ ಉಪೋಷ್ಣವಲಯ ಅಂತ ಒಂದು ಪಟ್ಟಿ ಬರತೈತಲ್ಲ, ದಿಲ್ಲಿ ಅದರಾಗ ಬರತೈತೋ ಇಲ್ಲೋ ಅಂತ ಕೇಳಿದರು. ಬರತೈತ್ರಿ ಅಂದಳು ಚಂದವ್ವ. ಮಾಸ್ತರ ನಕ್ಕರು. ಹಲ್ಲು ಕಟಕಟ ಅನ್ನೋ ಚಳಿ ಊರದು, ಅದು ಹೆಂಗ ಬಂದೀತು, ಸಾಲಿ ಕಲಿತು ಏನ ಬಂತು ಅಂದರು. ತಪ್ಪಾತ್ರಿ ಅನ್ನು ಅಂತ ಅಪ್ಪ ಕಣ್ಣಾಗ ಸನ್ನಿ ಮಾಡಿದ. ಅಂದಿದ್ರ ಅಲ್ಲಿಗೆ ಮುಗೀತಿತ್ತು.

"ಬ್ಯಾಸಗಿ ಸುಡತೈತ್ರಿ, ಚಳಿನೂ ಕೊರೀತೈತಿ. ಆದ್ರ ಭಾಳ ಥಂಡಿ ತಿಂಗಳದಾಗೂ ದಿಲ್ಲಿಯೊಳಗ ಹಿಮ ಬಿದ್ದು ನಿಲ್ಲೂದಿಲ್ಲ. ಶ್ರೀನಗರದಾಗ ನಿಲ್ಲತೈತಿ. ಅದಕ್ಕ ಆ ಪಟ್ಟಿಯೊಳಗ ದಿಲ್ಲಿ ಬರತೈತಿ, ಶ್ರೀನಗರ ಬರೂದಿಲ್ಲ." ಅಷ್ಟಕ್ಕ ಬಿಡಲಿಲ್ಲ, ತಲಿ ಎತ್ತಿ ವರನ್ನ ನೋಡಿದಳು. "ನೀವು ಅಲ್ಲೇ ಇರತೀರಲ್ರಿ, ನೀವ ಹೇಳ್ರಿ."

ನೋಡಾಕ ಬಂದ ವರನ್ನ ಹೆಣ್ಣು ಪ್ರಶ್ನಿ ಕೇಳೂದಂದ್ರ! ಸೋಮನಿಂಗ ಮಾವನ ಮುಖಾ ನೋಡಿದ, ಚಹಾದ ಬಸಿ ನೋಡಿದ. ಹೇಳಪಾ, ಹೇಳು ಅಂತ ಚಂದವ್ವನ ಜೀವ ಬಡಕೊಳ್ಳಾಕತ್ತಿತ್ತು, ಯಾಕಂದ್ರ ಆ ಮುಖ ಅವಳಿಗೆ ಮನಸಿಗೆ ಬಂದಿತ್ತು.

ಮಾವಾರಿಗೆ ಗೊತ್ತಿರತೈತಿ ಅಂತ ಗೊಣಗಿದ.

ಮಾಸ್ತರ ಖುಷಿಯಾದರು. ಬಾಯಿ ಜರಾ ಜೋರು, ನಮ್ಮ ಮನ್ಯಾಗ ತಾನ ಸರಿ ಆಗತಾಳ, ಹೆಣ್ಣು ಒಪ್ಪಿಗಿ ಅಂದರು. ಅಪ್ಪ ಓಡಿ ಸಕ್ಕರಿ ತಂದ.

ಹೊರಡೂ ಮುಂದ ಸೋಮನಿಂಗ ಹೊಚ್ಚಲದಾಗ ಚಪ್ಪಲಿ ಮೆಟ್ಟೋ ನೆವದಾಗ ಹಿಂದ ಉಳಿದ. ಚಂದವ್ವಗಷ್ಟೇ ಕೇಳೋ ಹಂಗ ಅಂದ, "ನೀವು ಹೇಳಿದ್ದ ಖರೇ ಐತ್ರಿ."

"ಅದನ್ನ ಒಳಗ ಹೇಳಬೇಕಿತ್ತು," ಅಂದಳು. ಆಮ್ಯಾಲ ಎಲ್ಲಾರಿಗೂ ಕೇಳೋ ಹಂಗ ಒದರಿದಳು, "ಅಪ್ಪಾ, ನಾ ಈ ಲಗ್ನ ಒಲ್ಲೆ."

ಅಪ್ಪ ಕೈ ಎತ್ತಿದ. ಅದು ಬೀಳೂದ್ರಾಗ ಸಾತವ್ವ ಬಾಗಲ ಮರಿ ಬಿಟ್ಟು ಬಂದು ತಂಗಿ ಮುಂದ ನಿಂತಳು.