ಅವಳ ಮಾತು ನೀನು ಹೇಳು

ಖಾಲಿ ಚಟ್ಟದ ಒಂದು ತುದಿಯನ್ನು ಕೆಂಪರಾಜು ಹೊಲದ ಕಡೆ ಎಳೆಯುತ್ತಿದ್ದ. ಇನ್ನೊಂದು ತುದಿಯನ್ನು ಅವನ ಸೋದರಮಾವ ಚಲಪತಿ ರಸ್ತೆಯಲ್ಲಿ ನಿಂತ ವ್ಯಾನಿನ ಕಡೆ. ತಾಯಿ ಅಕ್ಕಯಮ್ಮನನ್ನು ರಾಗಿ ಹೊಲದಲ್ಲೇ ಮಣ್ಣು ಮಾಡಬೇಕೆಂದು ಮಗನ ಹಟ. ಹೊಸೂರಿನ ಚಿತಾಗಾರಕ್ಕೆ ಒಯ್ಯಬೇಕೆಂದು ತಮ್ಮನ ಹಟ. ಅಕ್ಕಯಮ್ಮ ಹಾರ ಹಾಕಿಸಿಕೊಂಡು ಜಗುಲಿಯ ಮೇಲೆ ಬೆಳಗಿನಿಂದ ಕಾಯುತ್ತಿದ್ದಳು.

ಡೆಂಕಣಿಕೋಟೆ ರಸ್ತೆಯ ಗುಲಾಬಿ ಪ್ಯಾಕಿಂಗ್ ಶೆಡ್ಡಿನಲ್ಲಿ ಅವಳ ಕೈಕೆಳಗೆ ಹನ್ನೊಂದು ವರ್ಷ ದುಡಿದ ಮುನಿಲಕ್ಷ್ಮಿಗೆ ಇದನ್ನು ನೋಡಲಾಗಲಿಲ್ಲ. ಮೇಸ್ತ್ರಿಯಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಇಬ್ಬರನ್ನೂ ದಾರಿಗೆ ತರುತ್ತಿದ್ದಳು.

*

ಒಂದು ಸಲ ಹೂವಿನ ಪೆಟ್ಟಿಗೆಗಳು ವಾಪಸ್ ಬಂದಿದ್ದವು. ಕಟ್ಟು ಬಿಗಿಯಾಗಿ ಎಸಳು ಹರಿದಿದೆ ಎಂದು ಮುನಿಲಕ್ಷ್ಮಿ, ಸಡಿಲವಾಗಿ ಲಾರಿಯಲ್ಲಿ ಕುಲುಕಿದೆ ಎಂದು ಜೊತೆಗೆ ಕಟ್ಟುವ ನಾಗಲಕ್ಷ್ಮಿ. ಎರಡು ವಾರ ಮಾತಿಲ್ಲ. ಕತ್ತರಿ ಬೇಕಿದ್ದರೂ ಮೂರನೆಯವರ ಮೂಲಕ. ಅಕ್ಕಯಮ್ಮ ಬುದ್ಧಿ ಹೇಳಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ, "ಅವಳ ಮಾತು ನೀನು ಹೇಳು. ಅವಳು ಹೌದು ಅನ್ನೋಗಂಟ ಎದ್ದೇಳ್ಬೇಡ," ಅಂದಳು. ಮುನಿಲಕ್ಷ್ಮಿಗೆ ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ ಹೇಳುತ್ತ ಹೇಳುತ್ತ, ಅದರಲ್ಲೂ ಅರ್ಧ ನಿಜವಿದೆಯಲ್ಲ ಅನ್ನಿಸಿತು. ಅಂದಿನಿಂದ ಕಟ್ಟಿನ ಬುಡ ಬಿಗಿ, ತಲೆ ಸಡಿಲ. ಪೆಟ್ಟಿಗೆ ಮತ್ತೆ ವಾಪಸ್ ಬರಲಿಲ್ಲ.

*

ಮುನಿಲಕ್ಷ್ಮಿ ನಡುವೆ ಹೋಗಿ ಚಟ್ಟ ಕೆಳಗಿಡಿಸಿದಳು.

"ಮಾವನ ಮಾತು ನೀನು ಹೇಳಪ್ಪ. ನಿನ್ನ ಮಾತು ಅವ್ರು ಹೇಳ್ಲಿ. ನಿಮ್ಮಮ್ಮ ನಮಗೆ ಮಾಡಿಸ್ತಿದ್ದಿದ್ದು ಇದೇಯ."

ಕೆಂಪರಾಜು ಗೊಣಗುತ್ತಲೇ ಶುರುಮಾಡಿದ. ಹೊಲಕ್ಕೆ ಆನೆ ಬರುತ್ತೆ, ಹೋದ ತಿಂಗಳು ಬದುವೇ ಉಳಿಯಲಿಲ್ಲ, ಅಮ್ಮನನ್ನ ತುಳಿದರೆ... ಚಲಪತಿ ಅಳಿಯನ ಮಾತು ಹೇಳಿದ: ಅಕ್ಕ ಈ ಮಣ್ಣಲ್ಲೇ ಬಾಳಿದವಳು, ಸುಟ್ಟುಬಂದರೆ ದೀಪ ಹಚ್ಚೋಕೆ ಒಂದು ಜಾಗ ಬೇಡವೇ. ಮುಗಿಸಿ ಟವಲಿನಿಂದ ಮೂಗು ಒರೆಸಿಕೊಂಡ.

"ನೀನಂದಿದ್ದೇ ಸರಿ ಕಣ್ಲಾ. ಹೊಲದಲ್ಲೇ ಮಾಡಾನ."

"ಬ್ಯಾಡ ಮಾವ. ಹೊಸೂರಿಗೇ ಹೋಗಾನ."

ಮತ್ತೆ ಜಗಳ ಹತ್ತಿತು, ಈಗ ತಿರುಗುಮುರುಗಾಗಿ. ಅಳುತ್ತಿದ್ದ ನಾಗಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶೆಡ್ಡಿನಲ್ಲಿ ಇಂಥದು ಆಗಿರಲಿಲ್ಲ. ಮುನಿಲಕ್ಷ್ಮಿ ಕೊನೆಗೆ, ಆನೆ ಬಾರದ ನಿಮ್ಮದೇ ಮಣ್ಣು ಎಲ್ಲೂ ಇಲ್ಲವೇ ಎಂದು ಕೇಳಿದಳು.

ಚಲಪತಿ ಬೀದಿಯ ಆ ತುದಿಯ ತನ್ನ ಮನೆ ಕಡೆ ತಿರುಗಿದ. ಅದರ ಹಿಂದಿನ ತೆಂಗಿನ ತೋಟದಲ್ಲಿ, ಕಾಂಪೌಂಡಿನೊಳಗೆ, ಇನ್ನೂ ಕೊಳ್ಳದ ಕಾರಿಗೆಂದು ಸಮ ಮಾಡಿಸಿದ ಜಾಗವಿತ್ತು.

"ಕಾರು ಬೀದೀಲಿ ನಿಂತ್ಕತದೆ ಬುಡು," ಅಂದ.

ಎತ್ತಿದಾಗ ಮುಂದಿನ ಎರಡು ಹೆಗಲೂ ಅವರವೇ. ಕೆಂಪರಾಜು ಆರಡಿ, ಚಲಪತಿ ಐದೂ ಇಲ್ಲ, ಚಟ್ಟ ವಾಲಿತು. ಅಳಿಯ ಮೊಣಕಾಲು ಬಗ್ಗಿಸಿದ, ಮಾವ ತುದಿಗಾಲಲ್ಲಿ ನಿಂತ. ಕೂರಹೊರಟವನಂತೆ ಒಬ್ಬ, ಹಾರಹೊರಟವನಂತೆ ಒಬ್ಬ, ಇಡೀ ಬೀದಿ ಹಾಗೆಯೇ ನಡೆದರು. ಅಕ್ಕಯಮ್ಮ ಅಲುಗದೆ ಹೋದಳು.